ಸಣ್ಣ ಕಾರ್ಯಾಗಾರದ ಗಿಟಾರ್: ಮರುಮಾರಾಟದ ಬೆಲೆಯನ್ನು ಕೊಳ್ಳುವ ಮುನ್ನವೇ ಅಳೆಯುವ ಬಗೆ

ಒಬ್ಬರೇ ಕುಳಿತು ಅಥವಾ ಕೆಲವೇ ಜನ ಸೇರಿ ಕೈಯಿಂದ ಕಟ್ಟುವ ಅಕೌಸ್ಟಿಕ್ ಗಿಟಾರ್‌ಗಳು ಅಮೆರಿಕ, ಕೆನಡಾ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಐದಾರು ಸಾವಿರ ಡಾಲರ್‌ನಿಂದ ಹಿಡಿದು ಮೂವತ್ತು ಸಾವಿರ ಡಾಲರ್‌ನ ಆಚೆಗೂ ಮಾರಾಟವಾಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮೇಲೆ ಇಂಥ ಆರು ಗಿಟಾರ್‌ಗಳನ್ನು ಕೊಂಡು ನಾಲ್ಕನ್ನು ಮಾರಿದ ಅನುಭವದಿಂದ ನನಗೆ ಮನವರಿಕೆಯಾದ ಸಂಗತಿಯೆಂದರೆ, ಮಾರುವಾಗ ಸಿಗುವ ಬೆಲೆಯನ್ನು ನಾದವೊಂದೇ ತೀರ್ಮಾನಿಸುವುದಿಲ್ಲ. ತಯಾರಕರ ಹೆಸರನ್ನು ಈಗಾಗಲೇ ಬಲ್ಲವರು ಎಷ್ಟು ಮಂದಿ, ಅವರಲ್ಲಿ ಹೊಸ ಗಿಟಾರ್‌ಗಾಗಿ ತಯಾರಕರ ಸರದಿ ಪಟ್ಟಿಯಲ್ಲಿ ಕಾಯಲು ಒಪ್ಪದವರು ಎಷ್ಟು ಮಂದಿ ಎಂಬುದರ ಮೇಲೆ ಅದು ನಿಂತಿರುತ್ತದೆ. ಉಳಿದದ್ದರಲ್ಲಿ ಬಹುಪಾಲು ನೀವು ಆರ್ಡರ್ ಕೊಡುವ ದಿನವೇ ನಿಶ್ಚಯವಾಗಿಬಿಡುತ್ತದೆ.

ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿರುವ, 1833ರಲ್ಲಿ ಆರಂಭವಾದ ಮಾರ್ಟಿನ್ ಕಂಪನಿಯ ಡಿ-28 ಮಾದರಿಯ ಗಿಟಾರ್‌ಗೆ ಯಾವ ಊರಿನಲ್ಲಾದರೂ ಗಿರಾಕಿ ಸಿಗುತ್ತಾರೆ, ಬೆಲೆಯೂ ಎಲ್ಲರಿಗೂ ಗೊತ್ತು. ವರ್ಷಕ್ಕೆ ಹತ್ತೋ ಹದಿನೈದೋ ಗಿಟಾರ್ ಕಟ್ಟುವವರ ವಿಷಯ ಹಾಗಲ್ಲ. ಆದ್ದರಿಂದ ಮೊದಲು ನೀವು ಕೊಳ್ಳಹೊರಟಿರುವ ತಯಾರಕರು ಯಾವ ಗುಂಪಿಗೆ ಸೇರಿದವರು ಎಂಬುದನ್ನು ಗುರುತಿಸಿಕೊಳ್ಳಿ. ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಕಾಲಿಂಗ್ಸ್, ರಿಚರ್ಡ್ ಹೂವರ್ ಅವರು 1976ರಲ್ಲಿ ಆರಂಭಿಸಿದ ಸಾಂತಾ ಕ್ರೂಜ್, ಮೇಯ್ನ್ ರಾಜ್ಯದ ಬೂರ್ಜ್ವಾ, ಉತ್ತರ ಐರ್ಲೆಂಡ್‌ನ ಲೋಡನ್ ಮೊದಲಾದವು ಸಣ್ಣ ಕಾರ್ಖಾನೆಗಳು. ಇವುಗಳ ಹಳೆಯ ಗಿಟಾರ್‌ಗಳು ಸದಾ ಮಾರುಕಟ್ಟೆಗೆ ಬರುತ್ತಿರುವುದರಿಂದ ಬೆಲೆಯನ್ನು ಊಹಿಸುವುದು ಕಷ್ಟವಲ್ಲ. ಎರಡನೆಯ ಗುಂಪು ಒಬ್ಬರೇ ದುಡಿಯುವ ಹೆಸರಾಂತ ಕುಶಲಿಗಳದು. ಮಿನೆಸೋಟದ ಜೇಮ್ಸ್ ಓಲ್ಸನ್ ಅವರ ಗಿಟಾರ್‌ಗಳನ್ನು ಗಾಯಕ ಜೇಮ್ಸ್ ಟೇಲರ್ ನುಡಿಸತೊಡಗಿದ ಮೇಲೆ ಕೊಟ್ಟ ಹಣಕ್ಕಿಂತ ಹೆಚ್ಚಿಗೆ ಅವು ಮಾರಾಟವಾದದ್ದುಂಟು. ವರ್ಜೀನಿಯಾದ ರಗ್ಬಿ ಎಂಬ ಪುಟ್ಟ ಊರಿನಲ್ಲಿ ಅಂಚೆ ಹಂಚುತ್ತಲೇ ಗಿಟಾರ್ ಕಟ್ಟಿದ, 1995ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಪಡೆದ ವೇಯ್ನ್ ಹೆಂಡರ್ಸನ್ ಅವರು ಕೇಳುತ್ತಿದ್ದ ಬೆಲೆಗೂ ಅದೇ ಗಿಟಾರ್ ಎರಡನೆಯ ಕೈಯಲ್ಲಿ ಪಡೆಯುತ್ತಿದ್ದ ಬೆಲೆಗೂ ಹಲವು ಪಟ್ಟು ಅಂತರವಿತ್ತು. ಅವರ ಸರದಿ ಪಟ್ಟಿಯಲ್ಲಿ ಹೆಸರು ಬರುವುದೇ ದುರ್ಲಭವಾಗಿದ್ದುದು ಅದಕ್ಕೆ ಕಾರಣ. ಮೂರನೆಯ ಗುಂಪಿನವರು ಕೆಲಸದಲ್ಲಿ ಇವರಿಗೆ ಸರಿಸಮಾನರಾಗಿದ್ದರೂ ಹೆಸರು ಇನ್ನೂ ಹರಡಿಲ್ಲದವರು. ಇವರ ಗಿಟಾರ್ ಹೊಸ ಬೆಲೆಯ ಅರ್ಧಕ್ಕೆ ಮಾರಾಟವಾದರೂ ಆಶ್ಚರ್ಯಪಡಬೇಕಾಗಿಲ್ಲ. ಹಾಗೆಂದು ಅವರಿಂದ ಕೊಳ್ಳಬೇಡಿ ಎಂದು ನಾನು ಹೇಳಲಾರೆ, ಏಕೆಂದರೆ ನನ್ನ ಮನೆಯಲ್ಲಿ ಇಂದಿಗೂ ಉಳಿದಿರುವ ಅತ್ಯುತ್ತಮ ನಾದದ ಗಿಟಾರ್ ಇಂಥವರೊಬ್ಬರದೇ. ಆದರೆ ಆ ಹಣ ಮರಳಿ ಬರುತ್ತದೆಂಬ ಎಣಿಕೆಯಿಂದ ಕೊಳ್ಳಬಾರದು.

ಬೆಲೆಯನ್ನು ಹುಡುಕುವಾಗ ಜನ ಮಾಡುವ ದೊಡ್ಡ ತಪ್ಪೆಂದರೆ, ಮಾರುವವರು ಕೇಳುತ್ತಿರುವ ಬೆಲೆಯನ್ನೇ ನಿಜವಾದ ಬೆಲೆಯೆಂದು ನಂಬುವುದು. ಕೇಳುವ ಬೆಲೆಗೆ ಮಿತಿಯಿಲ್ಲ. ಒಂದೇ ಗಿಟಾರ್ ಎರಡು ವರ್ಷದಿಂದ ಅದೇ ಬೆಲೆಗೆ ಅಲ್ಲೇ ಕುಳಿತಿರುವುದನ್ನು ನಾನು ಕಂಡಿದ್ದೇನೆ. ರಿವರ್ಬ್‌ನಂಥ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟವಾಗಿ ಮುಗಿದವುಗಳನ್ನು ಮಾತ್ರ ತೆರೆದು, ಅದೇ ಮಾದರಿ, ಅದೇ ಮರ, ಹತ್ತಿರದ ವರ್ಷದ ನಾಲ್ಕೈದು ಮಾರಾಟಗಳನ್ನು ಬರೆದಿಟ್ಟುಕೊಳ್ಳಿ. ನಾಲ್ಕು ಮಾರಾಟಗಳೂ ಸಿಗದಿದ್ದರೆ, ಕೊಳ್ಳುವವರು ಅಷ್ಟು ವಿರಳ ಎಂದು ತಿಳಿಯಬೇಕು. ಇದಕ್ಕಿಂತ ನೇರವಾದ ಪರೀಕ್ಷೆ ಇನ್ನೊಂದಿದೆ. ಪಾಲೊ ಆಲ್ಟೊದ ಗ್ರಿಫನ್, ಮಿಶಿಗನ್‌ನ ಲ್ಯಾನ್ಸಿಂಗ್‌ನಲ್ಲಿರುವ ಎಲ್ಡರ್ಲಿ ಮುಂತಾದ ಹಳೆಯ ಅಂಗಡಿಗಳಲ್ಲಿ ಒಂದಕ್ಕೆ ಫೋನ್ ಮಾಡಿ, "ಈ ತಯಾರಕರ ಗಿಟಾರನ್ನು ಮೂರು ವರ್ಷದ ನಂತರ ತಂದರೆ ನಿಮ್ಮಲ್ಲಿ ಮಾರಾಟಕ್ಕೆ ಇಟ್ಟುಕೊಳ್ಳುತ್ತೀರಾ, ಎಷ್ಟು ಬೆಲೆ ಬರೆಯುತ್ತೀರಿ?" ಎಂದು ಆರ್ಡರ್ ಕೊಡುವ ಮುನ್ನವೇ ಕೇಳಿ. ಅವರ ಉತ್ತರಕ್ಕಿಂತ, ಉತ್ತರಿಸುವ ಮುನ್ನ ಅವರು ತೆಗೆದುಕೊಳ್ಳುವ ಸಮಯವೇ ಹೆಚ್ಚು ತಿಳಿಸುತ್ತದೆ.

ಇನ್ನು ಲೆಕ್ಕ. 8,000 ಡಾಲರ್‌ಗೆ ಹೊಸದಾಗಿ ಕೊಂಡ ಗಿಟಾರ್ ಎರಡನೆಯ ಕೈಯಲ್ಲಿ 6,000 ಡಾಲರ್‌ಗೆ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಅಂಗಡಿಯವರ ಮೂಲಕ ಮಾರಿದರೆ ಅವರ ಕಮಿಷನ್ ಸಾಮಾನ್ಯವಾಗಿ ಶೇಕಡ 20ರ ಆಸುಪಾಸು ಇರುವುದರಿಂದ ಕೈಗೆ ಬರುವುದು 4,800. ಅಂಗಡಿ ದೂರದಲ್ಲಿದ್ದರೆ ವಿಮೆ ಸಹಿತ ಕಳುಹಿಸುವ ವೆಚ್ಚವನ್ನೂ ಕಳೆಯಬೇಕು. ಇದಲ್ಲದೆ ಕ್ಯಾಲಿಫೋರ್ನಿಯಾದ ಹಲವು ಊರುಗಳಲ್ಲಿ ಮಾರಾಟ ತೆರಿಗೆ ಶೇಕಡ 9ರ ಹತ್ತಿರ ಇದೆ, ಎಂದರೆ ಕೊಳ್ಳುವಾಗಲೇ ತೆತ್ತ ಏಳುನೂರಕ್ಕೂ ಹೆಚ್ಚು ಡಾಲರ್ ಎಂದೂ ಹಿಂದಿರುಗುವುದಿಲ್ಲ. ಒಟ್ಟಿನಲ್ಲಿ ನಷ್ಟ ನಾಲ್ಕು ಸಾವಿರದ ಸಮೀಪಕ್ಕೆ ಬಂತು. ಅದೇ ಗಿಟಾರನ್ನು ಖಾಸಗಿಯವರಿಂದ 5,800ಕ್ಕೆ ಕೊಂಡು ಅದೇ ಅಂಗಡಿಯ ಮೂಲಕ 6,000ಕ್ಕೆ ಮಾರಿದವರಿಗೆ ನಷ್ಟ ಸಾವಿರ ಡಾಲರ್ ಮಾತ್ರ. ಮರುಮಾರಾಟದ ಚಿಂತೆ ನಿಜಕ್ಕೂ ಇರುವವರು ಮೊದಲ ಮಾಲೀಕರಾಗದೆ ಎರಡನೆಯವರಾಗುವುದೇ ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಎಚ್ಚರಿಕೆ ಮಾತ್ರ ಬೇಕು: ಬಹಳಷ್ಟು ತಯಾರಕರ ವಾರಂಟಿ ಮೊದಲ ಮಾಲೀಕರಿಗಷ್ಟೇ ಸಲ್ಲುತ್ತದೆ, ಆದ್ದರಿಂದ ಹಣ ಕೊಡುವ ಮುನ್ನ ತಯಾರಕರಿಗೇ ಇಮೇಲ್ ಬರೆದು ಕೇಳಬೇಕು.

ಹೊಸದನ್ನೇ ಮಾಡಿಸುವುದಾದರೆ ಮಾಪನಗಳಲ್ಲಿ ಸಂಯಮವಿರಲಿ. ಡ್ರೆಡ್‌ನಾಟ್ ಎಂಬ ದೊಡ್ಡ ಒಡಲಿನ ಅಥವಾ ಓಎಂ ಎಂಬ ಅದಕ್ಕಿಂತ ಚಿಕ್ಕ ಒಡಲಿನ ಆಕಾರ, 25.4 ಇಂಚಿನ ಸ್ಕೇಲ್ (ತಂತಿಯ ಕಂಪಿಸುವ ಉದ್ದ), ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿ ಒಂದೂಮುಕ್ಕಾಲು ಇಂಚಿನ ಅಗಲ, ಸ್ಪ್ರೂಸ್ ಮರದ ಟಾಪ್ (ಮುಂಭಾಗದ ಹಲಗೆ), ಬೀಟೆ ಅಥವಾ ಮಹಾಗನಿಯ ಬೆನ್ನು ಇದ್ದರೆ ಹತ್ತರಲ್ಲಿ ಎಂಟು ಮಂದಿ ಕೈಗೆತ್ತಿಕೊಂಡು ನೋಡುತ್ತಾರೆ. ಓರೆ ಫ್ರೆಟ್‌ಗಳು (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳನ್ನು ಓರೆಯಾಗಿ ಕೂರಿಸುವುದು), ತೀರ ಅಗಲವಾದ ಕುತ್ತಿಗೆ, ಎಡಗೈಯವರಿಗೆ ಮಾಡಿಸಿದ್ದು, ಇವೆಲ್ಲ ನಿಮಗೆ ಬೇಕಿದ್ದರೆ ಖಂಡಿತ ಮಾಡಿಸಿಕೊಳ್ಳಿ, ಆದರೆ ಪ್ರತಿಯೊಂದೂ ಗಿರಾಕಿಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ. ನಾನು ಮೊದಲ ಬಾರಿ ಮಾಡಿಸಿದ ಗಿಟಾರ್‌ನ 12ನೇ ಫ್ರೆಟ್ ಬಳಿ ಮಗಳ ಹೆಸರನ್ನು ಮುತ್ತಿನ ಚಿಪ್ಪಿನಲ್ಲಿ, ಕನ್ನಡ ಅಕ್ಷರಗಳಲ್ಲಿ ಕೂರಿಸಿಕೊಟ್ಟಿದ್ದರು. ಕನ್ನಡ ಓದಲು ಬಾರದ ಆ ಕುಶಲಿ ಒತ್ತಕ್ಷರದ ಕೊಂಕನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊರೆದಿದ್ದರು. ಅದನ್ನು ಮಾರಲು ಇಟ್ಟಾಗ ನೋಡಿದವರೆಲ್ಲ ಅಕ್ಷರಗಳ ಮೇಲೆ ಬೆರಳಾಡಿಸಿ, ಚೆನ್ನಾಗಿದೆ ಎಂದು ಹೇಳಿ, ಗಿಟಾರನ್ನು ಮರಳಿ ಕೇಸಿನಲ್ಲಿಟ್ಟು ಹೋದರು. ಅದು ಈಗಲೂ ಮಗಳ ಬಳಿಯೇ ಇದೆ. ಮಾರುವ ಸಾಧ್ಯತೆ ಇರುವ ಗಿಟಾರ್‌ನಲ್ಲಿ ಹೆಸರು ಬೇಕೇ ಬೇಕೆಂದರೆ, ಒಳಗೆ ಅಂಟಿಸುವ ಲೇಬಲ್ ಮೇಲೆ ಬರೆಸಿ.

ಮರದ ವಿಷಯವನ್ನು ಕನ್ನಡಿಗರು ಸ್ವಲ್ಪ ಹೆಚ್ಚು ಗಮನವಿಟ್ಟು ಓದಬೇಕೆಂದು ನನ್ನ ಆಸೆ. ಹಿಂದೆ ಉತ್ತಮ ಗಿಟಾರ್‌ಗಳ ಬೆನ್ನು ಮತ್ತು ಪಕ್ಕೆಗಳಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಆ ಮರದ ದಿಮ್ಮಿಗಳು ಸಿಗುವುದು ಕಷ್ಟವಾದಾಗ 1969ರಲ್ಲಿ ಮಾರ್ಟಿನ್ ಕಂಪನಿ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಅದು ಬೇರಾವುದೂ ಅಲ್ಲ, ಮಲೆನಾಡಿನ ಮನೆಗಳ ಬಾಗಿಲು, ಮಂಚಗಳಲ್ಲಿ ನಾವು ಕಂಡಿರುವ ಬೀಟೆ. ಇಂದು ಸಣ್ಣ ತಯಾರಕರ ಪಟ್ಟಿಯಲ್ಲೂ ಬೀಟೆಯೇ ಸಾಮಾನ್ಯ ಆಯ್ಕೆ. ಅದಕ್ಕಾಗಿ ಯಾರೂ ಹೆಚ್ಚಿನ ಬೆಲೆ ಕೊಡುವುದಿಲ್ಲ, ಆದರೆ ಅದನ್ನು ಬೇಡವೆನ್ನುವವರೂ ಇಲ್ಲ. ಮರುಮಾರಾಟದ ದೃಷ್ಟಿಯಿಂದ ಇದಕ್ಕಿಂತ ಸುರಕ್ಷಿತವಾದ ಮರವಿಲ್ಲ. ಬ್ರೆಜಿಲ್ ರೋಸ್‌ವುಡ್‌ಗೆ ತಯಾರಕರು ಸಾವಿರಾರು ಡಾಲರ್ ಹೆಚ್ಚುವರಿಯಾಗಿ ಕೇಳುತ್ತಾರೆ. ಆದರೆ ಆ ಮರ 1992ರಿಂದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಾದ ಮೊದಲನೆಯ ಪಟ್ಟಿಯಲ್ಲಿದ್ದು, ಪರವಾನಗಿಯಿಲ್ಲದೆ ಗಡಿ ದಾಟಿಸುವಂತಿಲ್ಲ. ಕಾನೂನುಬದ್ಧವಾಗಿ ಪಡೆದದ್ದೆಂಬ ಕಾಗದಪತ್ರ ಇಲ್ಲದಿದ್ದರೆ ಕೊಳ್ಳುವವರು ಹಿಂಜರಿಯುತ್ತಾರೆ, ಹೊರದೇಶದ ಗಿರಾಕಿಗಳಂತೂ ಸಿಗುವುದೇ ಇಲ್ಲ. 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಉಳಿದೆಲ್ಲ ಮರಗಳು ಎರಡನೆಯ ಪಟ್ಟಿಗೆ ಬಂದಾಗ ಗಿಟಾರ್ ಮಾರಾಟಗಾರರು ಬಹಳ ಕಷ್ಟಪಟ್ಟರು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತಿದೆ, ಬ್ರೆಜಿಲ್ ರೋಸ್‌ವುಡ್‌ಗೆ ಮಾತ್ರ ಇಲ್ಲ.

ಗಿಟಾರ್ ಕೈಗೆ ಬಂದ ಮೇಲೆ ಅದರ ಸ್ಥಿತಿಯೇ ಬೆಲೆ. ಎರಡನೆಯ ಕೈಯಲ್ಲಿ ಕೊಳ್ಳುವಾಗ ಉದ್ದನೆಯ ನೇರವಾದ ಉಕ್ಕಿನ ಪಟ್ಟಿಯೊಂದನ್ನು ಜೊತೆಗೆ ಒಯ್ದು ಫ್ರೆಟ್‌ಗಳ ಮೇಲೆ ಉದ್ದುದ್ದಕ್ಕೆ ಇಡಿ. ಪಟ್ಟಿಯ ತುದಿ ಬ್ರಿಡ್ಜ್‌ನ (ತಂತಿಗಳ ತುದಿಯನ್ನು ಒಡಲಿಗೆ ಹಿಡಿದಿಡುವ ಮರದ ತುಂಡಿನ) ಮೇಲಂಚಿಗೆ ತಾಗಬೇಕು ಅಥವಾ ಕೂದಲಷ್ಟು ಮೇಲಿರಬೇಕು. ಅಂಚಿಗಿಂತ ಕೆಳಗೆ ಬಂದು ಬ್ರಿಡ್ಜ್‌ನ ಎದುರು ಮುಖಕ್ಕೆ ಬಡಿದರೆ, ತಂತಿಗಳ ಎಳೆತಕ್ಕೆ ಕುತ್ತಿಗೆ ಮುಂದಕ್ಕೆ ಬಾಗಿದೆ, ನೆಕ್ ರೀಸೆಟ್ (ಕುತ್ತಿಗೆಯನ್ನು ಬಿಡಿಸಿ ಸರಿಯಾದ ಕೋನದಲ್ಲಿ ಮರಳಿ ಕೂರಿಸುವುದು) ಮಾಡಿಸಬೇಕಾದ ದಿನ ಹತ್ತಿರವಿದೆ ಎಂದರ್ಥ. ಕಾಲಿಂಗ್ಸ್, ಬೂರ್ಜ್ವಾಗಳಂತೆ ಬೋಲ್ಟ್ ಹಾಕಿ ಕೂಡಿಸಿದ ಕುತ್ತಿಗೆಯಾದರೆ ಈ ಕೆಲಸ ಸುಲಭ. ಸಾಂತಾ ಕ್ರೂಜ್‌ನಂತೆ ಮರಕ್ಕೆ ಮರ ಕಚ್ಚಿಸಿ ಅಂಟು ಹಾಕಿದ ಡವ್‌ಟೇಲ್ ಕೂಡಿಕೆಯಾದರೆ ಹಬೆ ಕೊಟ್ಟು ಅಂಟು ಬಿಡಿಸಬೇಕಾಗುವುದರಿಂದ ವೆಚ್ಚ ಹೆಚ್ಚು. ನಂತರ ಫ್ರೆಟ್‌ಬೋರ್ಡ್‌ನ ಅಂಚಿನ ಉದ್ದಕ್ಕೂ ಬೆರಳು ಎಳೆಯಿರಿ. ಫ್ರೆಟ್ ತುದಿಗಳು ಬೆರಳಿಗೆ ಚುಚ್ಚಿದರೆ ಗಿಟಾರ್ ಒಣಹವೆಯಲ್ಲಿ ಬಳಲಿದೆ ಎಂದು ತಿಳಿಯಿರಿ, ಏಕೆಂದರೆ ಮರ ಕುಗ್ಗಿದೆ, ಲೋಹ ಕುಗ್ಗಿಲ್ಲ. ಆಗ ನಾದರಂಧ್ರದೊಳಗೆ ಪುಟ್ಟ ಕನ್ನಡಿ ಇಳಿಸಿ, ಟಾರ್ಚ್ ಬಿಟ್ಟು, ಹಲಗೆಗೆ ಆಸರೆಯಾಗಿ ಒಳಗೆ ಅಂಟಿಸಿದ ಬ್ರೇಸ್‌ಗಳೆಂಬ ಪಟ್ಟಿಗಳ ತುದಿ ಎದ್ದಿದೆಯೇ, ಬಿರುಕಿಗೆ ತೇಪೆ ಹಾಕಿದ ಗುರುತುಗಳಿವೆಯೇ ಎಂದು ತಪ್ಪದೆ ನೋಡಬೇಕು.

ನಿಮ್ಮದೇ ಗಿಟಾರ್ ಆದರೆ ಆರ್ದ್ರತೆಯನ್ನು ಶೇಕಡ 45ರಿಂದ 50ರ ಒಳಗೆ ಇರಿಸಿಕೊಂಡು, ಸದಾ ಗಟ್ಟಿ ಕೇಸಿನಲ್ಲಿಡಿ. ನೈಟ್ರೊ ಲ್ಯಾಕರ್ ಎಂಬ ಮೆರುಗೆಣ್ಣೆ ಬಳಿದ ಗಿಟಾರನ್ನು ರಬ್ಬರ್ ಹಚ್ಚಿದ ಸ್ಟ್ಯಾಂಡ್ ಮೇಲೆ ಬಿಟ್ಟರೆ ಲ್ಯಾಕರ್ ಮೆತ್ತಗಾಗಿ ಕಲೆ ಉಳಿಯುತ್ತದೆ. ಪಿಕಪ್ (ನಾದವನ್ನು ಧ್ವನಿವರ್ಧಕಕ್ಕೆ ಕಳುಹಿಸುವ ಸಾಧನ) ಬೇಕಾದರೆ ಒಳಗೆ ಕೂರುವಂಥದ್ದನ್ನು ಹಾಕಿಸಿ. ಪಕ್ಕೆಯನ್ನು ಕೊರೆದು ಗುಂಡಿಗಳ ಪೆಟ್ಟಿಗೆ ಕೂರಿಸಿದ ಸಣ್ಣ ಕಾರ್ಯಾಗಾರದ ಗಿಟಾರ್‌ಗೆ ಗಿರಾಕಿಗಳು ಬಹಳ ಕಡಿಮೆ. ಗೀರುಗಳಿದ್ದರೆ ಇರಲಿ, ಮೇಲೆ ಹೊಸದಾಗಿ ಲ್ಯಾಕರ್ ಬಳಿಸಬೇಡಿ, ಅದರಿಂದ ಆಗುವ ನಷ್ಟ ಗೀರುಗಳಿಂದ ಆಗುವುದಕ್ಕಿಂತ ಹೆಚ್ಚು.

ಭಾರತಕ್ಕೆ ಮರಳುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ಒಳ್ಳೆಯ ಗಿಟಾರ್ ವಾದಕರು ಬೇಕಾದಷ್ಟಿದ್ದಾರೆ, ಆದರೆ ಈ ಸಣ್ಣ ತಯಾರಕರ ಹೆಸರು ಕೇಳಿದೊಡನೆ ಐದು ಸಾವಿರ ಡಾಲರ್ ಎಣಿಸುವವರು ವಿರಳ. ಮಾರುವ ಮನಸ್ಸಿದ್ದರೆ ಹೊರಡುವ ಆರು ತಿಂಗಳ ಮೊದಲೇ ಅಮೆರಿಕದಲ್ಲಿ ಮಾರಾಟಕ್ಕಿಡಿ, ಏಕೆಂದರೆ ಸರಿಯಾದ ಗಿರಾಕಿ ಬರಲು ತಿಂಗಳುಗಳೇ ಬೇಕಾಗುತ್ತವೆ. ವಿಮಾನದ ಟಿಕೆಟ್ ಕೈಯಲ್ಲಿ ಹಿಡಿದು ಅಂಗಡಿಗೆ ಹೋದವರಿಗೆ ಅಂಗಡಿಯವರು ನೇರವಾಗಿ ಕೊಳ್ಳುವ ದರವೇ ಗತಿ. ಅದು ಅವರು ಮುಂದೆ ಮಾರುವ ಬೆಲೆಯ ಸುಮಾರು ಅರ್ಧದಷ್ಟಿರುತ್ತದೆ.

ಮಾರಲು ಹೊರಟಾಗ ಮೊದಲು ತಯಾರಕರಿಗೆ ಕ್ರಮಸಂಖ್ಯೆ ಕಳುಹಿಸಿ, ಕಟ್ಟಿದ ವರ್ಷ ಮತ್ತು ಬಳಸಿದ ಮರಗಳ ವಿವರಗಳುಳ್ಳ ಪತ್ರವೊಂದನ್ನು ಕೇಳಿ ಪಡೆಯಿರಿ. ಒಬ್ಬರೇ ದುಡಿಯುವವರು ತಮ್ಮ ಪ್ರತಿಯೊಂದು ಗಿಟಾರನ್ನೂ ನೆನಪಿಟ್ಟಿರುತ್ತಾರೆ, ಸಂತೋಷದಿಂದ ಬರೆದುಕೊಡುತ್ತಾರೆ. ಹಗಲು ಬೆಳಕಿನಲ್ಲಿ ಫೋಟೊ ತೆಗೆದು, ಪ್ರತಿಯೊಂದು ಗೀರು ಮತ್ತು ತಗ್ಗನ್ನು ಹತ್ತಿರದಿಂದ ತೋರಿಸಿ. ಒಮ್ಮೆ ನಾನು ದೂರದ ಮಾರಾಟಗಾರರೊಬ್ಬರಿಂದ ತರಿಸಿದ ಗಿಟಾರ್‌ನ ಬೆನ್ನಿನಲ್ಲಿ, ಅವರು ಬಾಯಿಬಿಡದೆ ಉಳಿಸಿದ್ದ ಎರಡಂಗುಲದ ಬಿರುಕಿತ್ತು. ಚೆನ್ನಾಗಿಯೇ ರಿಪೇರಿಯಾಗಿತ್ತು, ಮೊದಲೇ ಹೇಳಿದ್ದರೆ ಕೊಳ್ಳುತ್ತಿದ್ದೆ, ಮುಚ್ಚಿಟ್ಟದ್ದರಿಂದ ಮರಳಿಸಿದೆ. ಬೆಲೆಯನ್ನು ಕೊನೆಯ ಮಾರಾಟಕ್ಕಿಂತ ತುಸು ಮೇಲಿಟ್ಟು, ಎರಡು ತಿಂಗಳು ಯಾರೂ ವಿಚಾರಿಸದಿದ್ದರೆ ಇಳಿಸಿ. ಗಿರಾಕಿಗೆ ನುಡಿಸಿ ನೋಡಲು 48 ಗಂಟೆಗಳ ಅವಕಾಶ ಕೊಡುವುದು ಈ ವ್ಯಾಪಾರದಲ್ಲಿ ರೂಢಿ, ಅದಕ್ಕೆ ಹಿಂಜರಿಯಬೇಡಿ. ಕಳುಹಿಸುವಾಗ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಕೇಸಿನೊಳಗೆ ತಲೆಯ ಭಾಗ ಅಲುಗಾಡದಂತೆ ಕಾಗದ ತುಂಬಿ, ಪೂರ್ತಿ ಬೆಲೆಗೆ ವಿಮೆ ಮಾಡಿಸಿ. ಗಿರಾಕಿ ಒಪ್ಪಿದ ಮೇಲೆ ಹೊಸ ಮಾಲೀಕರು ಯಾರೆಂಬುದನ್ನು ಅವರ ಅನುಮತಿ ಪಡೆದು ತಯಾರಕರಿಗೆ ತಿಳಿಸಿಬಿಡಿ. ಮುಂದೆ ರಿಪೇರಿಗೆ ಹೋದಾಗ ಅವರ ಗುರುತು ಹಿಡಿಯಲು ಆ ಒಂದು ಸಾಲಿನ ಇಮೇಲ್ ಸಾಕಾಗುತ್ತದೆ.