ರೇಸ್ ಬಿಟ್ಟರೆ ತಿರುಗದ ಗಾಡಿ

ಐದು ವರ್ಷದ ಹಿಂದೆ ಉತ್ತರ ಗೋವಾದ ಒಂದು ಬೀಚಿನಲ್ಲಿ ಮೊದಲ ಸಲ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಬೈಕಿನಂಥ ಗಾಡಿ, ಹತ್ತಿದ್ದೆ. ದುಡ್ಡು ತಗೊಂಡರು, ಲೈಫ್ ಜಾಕೆಟ್ ಹಾಕಿದರು, ಹತ್ತಿಸಿದರು. ಹೇಗೆ ಓಡಿಸಬೇಕು ಅಂತ ಯಾರೂ ಒಂದು ಮಾತು ಹೇಳಲಿಲ್ಲ. ಹಿಂದೆ ಕೂತಿದ್ದವನು "ಚಲೋ ಚಲೋ" ಅನ್ನುತ್ತಿದ್ದ. ಎದುರಿಗೆ ಲಂಗರು ಹಾಕಿದ ಮೀನಿನ ದೋಣಿ ಕಂಡಿತು. ಇಪ್ಪತ್ತು ವರ್ಷ ಬೈಕ್ ಓಡಿಸಿದ ಕೈ ಏನು ಮಾಡುತ್ತದೋ ನನ್ನ ಕೈಯೂ ಅದನ್ನೇ ಮಾಡಿತು. ರೇಸ್, ಅಂದರೆ ಆಕ್ಸಿಲರೇಟರ್, ಬಿಟ್ಟೆ, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಗಾಡಿ ತಿರುಗಲೇ ಇಲ್ಲ. ನೆಟ್ಟಗೆ ದೋಣಿಯ ಕಡೆಗೇ ಹೋಯಿತು. ಹಿಂದಿದ್ದವನು ನನ್ನ ಕೈ ಮೇಲೆ ಕೈ ಇಟ್ಟು ರೇಸ್ ಒತ್ತಿದ. ಗಾಡಿ ತಟ್ಟನೆ ಹೊರಳಿ ಒಂದು ಮಾರು ದೂರದಲ್ಲಿ ದೋಣಿಯನ್ನು ತಪ್ಪಿಸಿಕೊಂಡಿತು.

ಅವತ್ತು ದಡಕ್ಕೆ ಬಂದ ಮೇಲೂ ಕೈ ನಡುಗುತ್ತಿತ್ತು. ರೇಸ್ ಒತ್ತಿದಾಗ ತಿರುಗಿದ್ದು ಹೇಗೆ ಅನ್ನೋ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ನನ್ನದು ಗದಗದಲ್ಲಿ ಪಂಪ್‌ಸೆಟ್ ರಿಪೇರಿ ಮತ್ತು ಮೋಟಾರ್ ರಿವೈಂಡಿಂಗ್ ಅಂಗಡಿ. ಊರಿಗೆ ಬಂದು ಜೆಟ್ ಸ್ಕೀ ಹೊಟ್ಟೆಯ ಚಿತ್ರಗಳನ್ನು ಮೊಬೈಲಿನಲ್ಲಿ ಹುಡುಕಿ ನೋಡಿದೆ. ನೋಡಿದ ಕೂಡಲೇ ಅರ್ಥವಾಯಿತು. ಇದು ನಾನು ದಿನಾ ಬಿಚ್ಚಿ ಕೂಡಿಸುವ ಸಾಮಾನೇ.

ಜೆಟ್ ಸ್ಕೀಗೆ ಹೊರಗೆ ಕಾಣುವ ಫ್ಯಾನ್ ಇಲ್ಲ, ದೋಣಿಗಿರುವಂಥ ಚುಕ್ಕಾಣಿಯೂ ಇಲ್ಲ. ಹೊಟ್ಟೆಯ ಕೆಳಗೆ ಜಾಲರಿ ಇರುವ ಒಂದು ಬಾಯಿ ಇದೆ. ಅಲ್ಲಿಂದ ಇಂಪೆಲ್ಲರ್ ಅನ್ನೋ ಒಳಗಿನ ರೆಕ್ಕೆಚಕ್ರ ನೀರನ್ನು ಎಳೆದುಕೊಂಡು ಹಿಂದಿನ ನಾಝಲ್‌ನಿಂದ, ಅಂದರೆ ಕಿರಿದಾದ ಬಾಯಿಯಿಂದ, ಜೋರಾಗಿ ಉಗಿಯುತ್ತದೆ. ನೀರು ಹಿಂದಕ್ಕೆ, ಗಾಡಿ ಮುಂದಕ್ಕೆ. ಹ್ಯಾಂಡಲ್ ತಿರುಗಿಸಿದರೆ ತಿರುಗುವುದು ಆ ನಾಝಲ್ ಮಾತ್ರ. ತೋಟದಲ್ಲಿ ಪಂಪಿನ ಪೈಪು ಹಿಡಿದವರಿಗೆ ಇದು ಗೊತ್ತು. ನೀರು ಬರುವಾಗ ಪೈಪಿನ ಬಾಯಿ ತಿರುಗಿಸಿದರೆ ಅದು ಕೈಯನ್ನೇ ತಳ್ಳುತ್ತದೆ. ಕರೆಂಟ್ ಹೋದ ಮೇಲೆ ಅದೇ ಪೈಪನ್ನು ಎತ್ತ ಬೇಕಾದರೂ ತಿರುಗಿಸಿ, ಏನೂ ಆಗುವುದಿಲ್ಲ. ಜೆಟ್ ಸ್ಕೀಯಲ್ಲಿ ರೇಸ್ ಬಿಡುವುದು ಅಂದರೆ ಕರೆಂಟ್ ಹೋದ ಹಾಗೆ. ನೀರು ಉಗಿಯದಿದ್ದರೆ ತಿರುಗಿಸುವ ಶಕ್ತಿಯೇ ಇಲ್ಲ. ವೇಗ ಕಮ್ಮಿಯಾಗುತ್ತಾ ಹೋದರೂ ಮೊದಲಿನ ದಿಕ್ಕಿನಲ್ಲೇ ಜಾರಿಕೊಂಡು ಹೋಗುತ್ತದೆ.

ಬೈಕ್, ಕಾರು ಓಡಿಸುವವರ ಕೈಗೆ ಇದು ಪೂರ್ತಿ ಉಲ್ಟಾ. ಏನಾದರೂ ಅಡ್ಡ ಬಂದರೆ ರೇಸ್ ಬಿಡು ಅಂತ ನಮ್ಮ ಕೈ ಕಲಿತಿದೆ. ಇಲ್ಲಿ ಅಡ್ಡ ಬಂದರೆ ಸ್ವಲ್ಪ ರೇಸ್ ಇಟ್ಟುಕೊಂಡೇ ತಿರುಗಿಸಬೇಕು. ಈ ಒಂದು ಮಾತನ್ನು ಹತ್ತುವ ಮೊದಲು ಪ್ರತಿಯೊಬ್ಬರಿಗೂ ಹೇಳಲೇಬೇಕು. ನನಗೆ ಯಾರೂ ಹೇಳಿರಲಿಲ್ಲ ಅನ್ನೋ ಸಿಟ್ಟು ಇವತ್ತಿಗೂ ಇದೆ.

ಈ ಜನವರಿಯಲ್ಲಿ, ಸಂಕ್ರಾಂತಿ ಮುಗಿಸಿಕೊಂಡು ನಾನು, ಹೆಂಡತಿ, ಮಗಳು ಮತ್ತೆ ಗೋವಾಕ್ಕೆ ಹೋದೆವು. ಫೆಬ್ರವರಿ ಬಂತೆಂದರೆ ಬೋರ್‌ವೆಲ್ ಮೋಟಾರ್‌ಗಳ ಕಾಲ, ನನಗೆ ಉಸಿರಾಡಲೂ ಬಿಡುವಿರಲ್ಲ. ಮಳೆಗಾಲದಲ್ಲಿ ಗೋವಾದವರು ಈ ಆಟಗಳನ್ನೆಲ್ಲ ನಿಲ್ಲಿಸಿರುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಜನವೂ ಜಾಸ್ತಿ, ರೇಟೂ ಜಾಸ್ತಿ. ಗದಗದಿಂದ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಕ್ಯಾಸಲ್‌ರಾಕ್ ಘಾಟು ಇಳಿಸಿ ವಾಸ್ಕೋಗೇ ಮುಟ್ಟಿಸುತ್ತದೆ. ನನ್ನ ಹೆಂಡತಿಯ ಅಣ್ಣ ಅಲ್ಲೇ ಝುವಾರಿನಗರದಲ್ಲಿದ್ದಾರೆ. ಆ ಕಡೆ ಓಡಾಡಿದರೆ ಗೋವಾಕ್ಕೆ ಬಂದ ಹಾಗೇ ಅನ್ನಿಸುವುದಿಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಮಾತೇ ಕಿವಿಗೆ ಬೀಳುತ್ತದೆ. ಮರುದಿನ ಬೆಳಿಗ್ಗೆ ಅವರ ವ್ಯಾನಿನಲ್ಲೇ ಕೋಲ್ವಾ ಬೀಚಿಗೆ ಹೊರಟೆವು.

ಬೆಳಿಗ್ಗೆಯೇ ಹೋಗಬೇಕು ಅಂತ ಹಟ ಮಾಡಿದ್ದು ನಾನೇ. ಬೇಸಗೆ, ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ. ನೀರು ಚಿಕ್ಕ ಚಿಕ್ಕ ಗುಡ್ಡೆಯಾಗಿ ಕುಣಿಯೋಕೆ ಶುರುವಾಗುತ್ತದೆ. ಹೊಸಬರಿಗೆ ಅದು ಕಷ್ಟ. ಒಂಬತ್ತು ಗಂಟೆಗೆ ಕೋಲ್ವಾದ ನೀರು ಕೆರೆಯ ಹಾಗೆ ಇತ್ತು.

ದಡದಲ್ಲಿ ಮೂರು ಕಡೆ ಕೇಳಿದೆ. ಎಲ್ಲರೂ "ಒಂದು ರೌಂಡಿಗೆ 500" ಅಂದರು. ರೌಂಡ್ ಅಂದರೆ ಎಷ್ಟು ನಿಮಿಷ ಅಂತ ಕೇಳಿದರೆ ಇಬ್ಬರು ಮಾತು ತಿರುಗಿಸಿದರು. ರೌಂಡ್ ಲೆಕ್ಕದಲ್ಲಿ ದುಡ್ಡು ಕೊಡಬೇಡಿ, ನಿಮಿಷದ ಲೆಕ್ಕದಲ್ಲಿ ಮಾತಾಡಿ. ಎಷ್ಟೋ ಕಡೆ ಒಂದು ರೌಂಡ್ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ. ಮೂರನೆಯ ಕಡೆ ಒಬ್ಬ ಹುಡುಗ ನಾವು ಮಾತಾಡುವುದನ್ನು ಕೇಳಿಸಿಕೊಂಡು, "ಗದಗದವರೇನ್ರಿ ಕಾಕಾರ?" ಅಂದ. ಕುಷ್ಟಗಿ ಕಡೆಯವನು. ಇಲ್ಲಿಗೆ ಬಂದು ಆರು ವರ್ಷ ಆಯಿತಂತೆ.

ಅವನಿಗೆ ಹಳೇ ಕತೆ ಹೇಳಿದೆ. ಅವನು ನಗಲಿಲ್ಲ. "ಎಲ್ಲಾರೂ ಹಂಗ ಮಾಡ್ತಾರ್ರಿ. ರೇಸ್ ಬಿಟ್ರ ಇದು ತಿರಗೂದಿಲ್ಲ. ಬರ್ರಿ, ಮೊದ್ಲ ದಂಡ್ಯಾಗ ತೋರಿಸ್ತೀನಿ" ಅಂದ. ಅಷ್ಟಕ್ಕೇ ನಾನು ಅವನ ಗಾಡಿ ಅಂತ ತೀರ್ಮಾನ ಮಾಡಿದೆ. ಹದಿನೈದು ನಿಮಿಷಕ್ಕೆ 2,000 ರೂಪಾಯಿ, ಅವನು ಹಿಂದೆ ಕೂರುವುದು, ನಾನು ಓಡಿಸುವುದು ಅಂತ ಒಪ್ಪಂದವಾಯಿತು. ಗಾಡಿಯ ಪಕ್ಕದಲ್ಲಿ ನೋಂದಣಿ ನಂಬರ್ ಇತ್ತು. ಗೋವಾದಲ್ಲಿ ಇಂಥ ಗಾಡಿಗಳು ಬಂದರು ನೋಡಿಕೊಳ್ಳುವ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ನಂಬರ್ ಇಲ್ಲದ ಗಾಡಿ ಎಷ್ಟೇ ಅಗ್ಗವಾದರೂ ಹತ್ತಬೇಡಿ.

ಗಾಡಿ ಯಮಹಾದ್ದು. ಜೆಟ್ ಸ್ಕೀ ಅನ್ನೋದು ನಿಜವಾಗಿ ಕವಾಸಾಕಿಯವರ ಬ್ರ್ಯಾಂಡ್ ಹೆಸರು. ವನಸ್ಪತಿಗೆಲ್ಲ ನಾವು ಡಾಲ್ಡಾ ಅಂದ ಹಾಗೆ ಇದೂ ಎಲ್ಲ ಕಂಪನಿಗೂ ಅಂಟಿಕೊಂಡಿದೆ. ಮೂರು ಸಿಲಿಂಡರ್, 1,049 ಸಿಸಿ, ಹೆಚ್ಚುಕಮ್ಮಿ 100 ಎಚ್‌ಪಿ. ನನ್ನ ಅಂಗಡಿಗೆ ಬರುವ 5 ಎಚ್‌ಪಿ ಪಂಪುಗಳಲ್ಲಿ ಇಪ್ಪತ್ತನ್ನು ಒಟ್ಟಿಗೆ ಕಟ್ಟಿದಷ್ಟು ಬಲ. ಮಗಳಿಗೆ ಇದನ್ನು ಹೇಳಿದಾಗ ಅವಳ ಕಣ್ಣು ಅರಳಿತು.

ಜಾಕೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2024ರ ಡಿಸೆಂಬರ್ 25ರಂದು ಉತ್ತರ ಗೋವಾದ ಕಲಂಗುಟ್ ತೀರದಲ್ಲಿ ಪ್ರವಾಸಿಗರ ದೋಣಿ ಮಗುಚಿ ಒಬ್ಬರು ಸತ್ತರು. ಆ ಸುದ್ದಿ ಓದಿದ ಮೇಲೆ ನನ್ನ ಹೆಂಡತಿ ನೀರಿನ ಆಟವೇ ಬೇಡ ಅಂದಿದ್ದಳು. ಅವಳ ಭಯ ಸುಮ್ನೆ ಹುಟ್ಟಿದ್ದಲ್ಲ. ಹಾಗಾಗಿ ಜಾಕೆಟ್ಟನ್ನು ಅವಳೇ ಪರೀಕ್ಷೆ ಮಾಡಿದಳು. ಬಕಲ್‌ಗಳನ್ನೆಲ್ಲ ಹಾಕಿ ಎಳೆದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಬೇಕು. ಜಾಕೆಟ್ ಕಿವಿಯ ತನಕ ಬಂದರೆ ಅದು ಸಡಿಲ. ನೀರಿಗೆ ಬಿದ್ದಾಗ ಜಾಕೆಟ್ ಮೇಲಕ್ಕೆ, ಮನುಷ್ಯ ಕೆಳಕ್ಕೆ. ಮಗಳಿಗೆ ಮೊದಲು ಕೊಟ್ಟದ್ದು ಮೂಗಿನ ತನಕ ಬಂತು. ಎರಡು ಬದಲಾಯಿಸಿ ಮೂರನೆಯದು ಸರಿ ಹೋಯಿತು. ಹುಡುಗ ಬೇಜಾರಿಲ್ಲದೆ ತಂದುಕೊಟ್ಟ.

ಆಮೇಲೆ ಸುರುಳಿ ಸುರುಳಿಯಾಗಿರುವ ದಾರ. ಅದರ ಒಂದು ತುದಿ ಸ್ಟಾಪ್ ಬಟನ್ ಕೆಳಗೆ ಸಿಕ್ಕಿಸಿರುತ್ತದೆ, ಇನ್ನೊಂದು ತುದಿ ಓಡಿಸುವವರ ಮಣಿಕಟ್ಟಿಗೆ ಅಥವಾ ಜಾಕೆಟ್ಟಿಗೆ. ಬಿದ್ದರೆ ದಾರ ಕಿತ್ತು ಬರುತ್ತದೆ, ಇಂಜಿನ್ ಅಲ್ಲೇ ಬಂದ್. ಇಲ್ಲದಿದ್ದರೆ ಗಾಡಿ ನಿಮ್ಮನ್ನು ನೀರಿನಲ್ಲಿ ಬಿಟ್ಟು ಹೋಗಿಬಿಡುತ್ತದೆ. ಹಳೇ ಸಲ ಈ ದಾರ ಹ್ಯಾಂಡಲ್‌ಗೇ ಸುತ್ತಿಕೊಂಡಿತ್ತು. ಈ ಸಲ ನಾನೇ ಕೈಗೆ ಕಟ್ಟಿಕೊಂಡು ಎಳೆದು ನೋಡಿದೆ.

ಹಿಂದೆ ಕೂರುವವರ ಬಗ್ಗೆಯೂ ಒಂದು ಮಾತು. ಅವರು ಹಿಂದಕ್ಕೆ ಜಾರಿ ಬಿದ್ದರೆ ನಾಝಲ್‌ನ ನೀರು ನೇರ ಮೈಗೆ ಹೊಡೆಯುತ್ತದೆ. ಅದರಿಂದ ದೇಹದ ಒಳಗೇ ಗಾಯವಾಗಬಹುದು, ತೆಳು ಈಜುಡುಗೆ ತಡೆಯುವುದಿಲ್ಲ ಅಂತ ಕಂಪನಿಯವರೇ ಗಾಡಿಯ ಮೇಲೆ ಎಚ್ಚರಿಕೆ ಅಂಟಿಸಿರುತ್ತಾರೆ. ಅದಕ್ಕೇ ಮಗಳಿಗೆ ದಪ್ಪ ಪ್ಯಾಂಟ್ ಹಾಕಿಸಿ ನನ್ನ ಮತ್ತು ಆ ಹುಡುಗನ ನಡುವೆ ಕೂರಿಸಿಕೊಂಡೆವು. ಅವಳ ಕಾಲು ಎರಡೂ ಕಡೆ ಗಟ್ಟಿಯಾಗಿ ಊರುತ್ತಿತ್ತು. ಕಾಲು ಊರದ ಚಿಕ್ಕ ಮಕ್ಕಳನ್ನು ಹತ್ತಿಸುವುದು ಬೇಡ.

ಹೊರಡುವ ಮೊದಲು ಸೊಂಟದ ಮಟ್ಟದ ನೀರಿನಲ್ಲಿ ಬಿದ್ದು ಹತ್ತುವುದನ್ನು ಅಭ್ಯಾಸ ಮಾಡಿದೆ. ಪಕ್ಕದಿಂದ ಹತ್ತಿದರೆ ಗಾಡಿ ವಾಲುತ್ತದೆ. ಇಂಜಿನ್ ಬಂದ್ ಇದ್ದಾಗ ಹಿಂದಿನಿಂದ ಬಂದು, ಹಿಡಿಕೆ ಹಿಡಿದು, ಮೊಣಕಾಲು ಊರಿ ಮೇಲೇರಬೇಕು. ಗಾಡಿಯೇ ಮಗುಚಿದರೆ ಯಾವ ಕಡೆಯಿಂದ ಹೊರಳಿಸಬೇಕು ಅಂತ ಹಿಂಭಾಗದಲ್ಲಿ ಬಾಣದ ಸ್ಟಿಕರ್ ಇದೆ. ಉಲ್ಟಾ ಹೊರಳಿಸಿದರೆ ಇಂಜಿನ್ನಿಗೆ ನೀರು ಹೋಗಬಹುದು. ಹೊರಡುವಾಗ ದಡದ ಕಡಿಮೆ ನೀರಿನಲ್ಲಿ ಇಂಜಿನ್ ಚಾಲೂ ಮಾಡುವುದೂ ತಪ್ಪು. ಮೊಣಕಾಲುದ್ದ ನೀರಿನಲ್ಲಿ ಇಂಪೆಲ್ಲರ್ ಮರಳು, ಕಲ್ಲು ಎಲ್ಲ ಎಳೆದುಕೊಳ್ಳುತ್ತದೆ. ಬಾವಿಯ ತಳದ ಕೆಸರಿನಲ್ಲಿ ಫುಟ್‌ವಾಲ್ವ್, ಅಂದರೆ ಪಂಪ್ ನೀರೆಳೆಯುವ ಪೈಪಿನ ಕೆಳತುದಿ, ಇಟ್ಟ ಹಾಗೆ.

ಕೊನೆಗೆ ಹೊರಟೆವು. ಕೆಂಪು-ಹಳದಿ ಬಾವುಟಗಳ ನಡುವೆ ಜನ ಈಜುತ್ತಿದ್ದರು. ಆ ಜಾಗದಿಂದ ದೂರ ಸರಿದು, ಅಲೆಗೆ ಮುಖ ಕೊಟ್ಟು, ನಿಧಾನವಾಗಿ ಒಳಗೆ ಹೋದೆವು. ಅಲೆ ಬಂದಾಗ ಸೀಟಿನಿಂದ ಸ್ವಲ್ಪ ಎದ್ದು ಮೊಣಕಾಲು ಮಡಚಿ ನಿಲ್ಲಬೇಕು. ರಸ್ತೆ ಹಂಪಿನಲ್ಲಿ ಬೈಕ್ ಮೇಲೆ ಎದ್ದು ನಿಲ್ಲುತ್ತೇವಲ್ಲ, ಹಾಗೆ. ಇಲ್ಲದಿದ್ದರೆ ಸೊಂಟಕ್ಕೆ ಪೆಟ್ಟು. ಒಂದು ಅಲೆಯ ಮೇಲೆ ಗಾಡಿ ಚೂರು ಹಾರಿದಾಗ ಇಂಜಿನ್ ಗುಂಯ್ ಎಂದು ಕಿರುಚಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಪಂಪ್ ಗಾಳಿ ಹಿಡಿದ ಸದ್ದು. ಜಾಲರಿ ನೀರಿನಿಂದ ಮೇಲೆ ಬಂದರೆ ಎಳೆಯೋಕೆ ನೀರೇ ಇಲ್ಲ. ಇಂಜಿನ್ ಸುಮ್ಮನೆ ತಿರುಗುತ್ತದೆ, ತಳ್ಳುವುದಿಲ್ಲ. ಆ ಕ್ಷಣದಲ್ಲೂ ಹ್ಯಾಂಡಲ್ ಕೆಲಸ ಮಾಡುವುದಿಲ್ಲ.

ಬಯಲು ನೀರಿಗೆ ಬಂದ ಮೇಲೆ ಹುಡುಗ, "ಈಗ ಬಿಟ್ಟ ನೋಡ್ರಿ" ಅಂದ. ಸುತ್ತ ಯಾರೂ ಇರಲಿಲ್ಲ. ರೇಸ್ ಬಿಟ್ಟು ಹ್ಯಾಂಡಲ್ ಬಲಕ್ಕೆ ಪೂರ್ತಿ ತಿರುಗಿಸಿದೆ. ಗಾಡಿ ಮೂತಿ ತಗ್ಗಿಸಿಕೊಂಡು ಐದಾರು ಗಾಡಿಯುದ್ದ ನೆಟ್ಟಗೇ ಜಾರಿತು. ಹ್ಯಾಂಡಲ್ ಹಾಗೇ ಹಿಡಿದುಕೊಂಡು ಬೆರಳಿನಿಂದ ಸ್ವಲ್ಪ ರೇಸ್ ಒತ್ತಿದೆ. ಬಾಲ ಎಡಕ್ಕೆ ಒದ್ದು, ಮೂತಿ ಬಲಕ್ಕೆ ಹೊರಳಿತು. ಮತ್ತೆ ಮಾಡಿದೆ. ಎಡಕ್ಕೆ, ಬಲಕ್ಕೆ, ಎಂಟು ಹತ್ತು ಸಲ. ಆರನೆಯದೋ ಏಳನೆಯದೋ ಸಲಕ್ಕೆ ನನ್ನ ಬೆರಳು ತಾನೇ ರೇಸ್ ಉಳಿಸಿಕೊಂಡಿತು. ಐದು ವರ್ಷದ ಭಯ ಅಲ್ಲಿ, ಆ ನೀರಿನ ಮೇಲೆ, ಬಿಟ್ಟು ಹೋಯಿತು. ಮಗಳು ಬೆನ್ನಿನ ಹಿಂದಿನಿಂದ "ಅಪ್ಪಾ, ಇನ್ನೊಮ್ಮೆ!" ಎಂದು ಕೂಗುತ್ತಿದ್ದಳು.

ಒಂದು ಕಡೆ ನೀರಿನ ಮೇಲೆ ಸಾಲಾಗಿ ತೇಲುಬೆಂಡುಗಳು ಕಂಡವು. ಹುಡುಗ ನನ್ನ ಭುಜ ತಟ್ಟಿ ದೂರದಿಂದ ಸುತ್ತಿಸಿದ. ಅದು ಮೀನುಗಾರರ ಬಲೆ. ಇಂಪೆಲ್ಲರ್‌ಗೆ ಬಲೆ ಸುತ್ತಿದರೆ ನಮ್ಮ ಗಾಡಿಯೂ ನಿಂತಿತು, ಅವರ ದಿನದ ಅನ್ನವೂ ಹೋಯಿತು. ಇದು ಅವರ ಹೊಲ ಇದ್ದ ಹಾಗೆ. ಬಿತ್ತಿದ ಹೊಲದಲ್ಲಿ ನಾವು ಗಾಡಿ ನುಗ್ಗಿಸುತ್ತೇವೆಯೇ?

ವಾಪಸ್ ಬರುವಾಗ ದಡದಿಂದ ಸಾಕಷ್ಟು ದೂರದಲ್ಲೇ ವೇಗ ಇಳಿಸಿದೆ. ಇದಕ್ಕೆ ಬ್ರೇಕ್ ಇಲ್ಲ. ಹೊಸ ಮಾದರಿ ಕೆಲವಕ್ಕೆ ಇದೆ, ಬಾಡಿಗೆಗೆ ಸಿಕ್ಕಿದ ನಮ್ಮ ಗಾಡಿಗೆ ಇರಲಿಲ್ಲ. ನೀರೇ ನಿಲ್ಲಿಸಬೇಕು.

ಸಂಜೆ ಸೂರ್ಯ ಮುಳುಗುವುದನ್ನು ನೋಡಿ ಹೊರಡುವಾಗ ಆ ಹುಡುಗ ಗಾಡಿಯನ್ನು ಟ್ರಾಲಿ ಮೇಲೆ ಎಳೆದು ತೊಳೆಯುತ್ತಿದ್ದ. ನಾನು ನಿಂತುಬಿಟ್ಟೆ. ಪೈಪನ್ನು ಗಾಡಿಗೆ ಸಿಕ್ಕಿಸಿದ. ಮೊದಲು ಇಂಜಿನ್ ಚಾಲೂ ಮಾಡಿದ, ಆಮೇಲೆ ನಲ್ಲಿ ಬಿಟ್ಟ. ಸ್ವಲ್ಪ ಹೊತ್ತು ಸಿಹಿನೀರು ಓಡಿಸಿದ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಇಂಜಿನ್. ಈ ಕ್ರಮ ತಪ್ಪಿದರೆ ನೀರು ಇಂಜಿನ್ ಒಳಗೇ ಹೋಗುತ್ತದೆ. ಉಪ್ಪು ಉಳಿದರೆ ಎಂಥ ಕಬ್ಬಿಣವನ್ನೂ ತಿನ್ನುತ್ತದೆ. ಕೆಳಗೆ ಬಗ್ಗಿ ಜಾಲರಿಯಿಂದ ಒಂದು ಗೇಣು ನೈಲಾನ್ ಹಗ್ಗ ಎಳೆದು ತೆಗೆದ. ಇಷ್ಟು ಜೋಪಾನ ಮಾಡುವವನ ಕೈಯಲ್ಲಿ ಮಗಳನ್ನು ಕೂರಿಸಿದ್ದೆನಲ್ಲ ಅಂತ ಸಮಾಧಾನವಾಯಿತು.

"ಮನ್ಯಾಗ ಹೊಲ ಐತೇನಪಾ?" ಅಂದೆ.

"ಐತ್ರಿ ಕಾಕಾರ, ನಾಕ ಎಕರೆ. ಬೋರಿನ ಮೋಟಾರ್ ಸುಟ್ಟು ಹದಿನೈದ ದಿನ ಆತು. ಅಪ್ಪ ಒಬ್ಬಾವ ಏನ್ ಮಾಡ್ತಾನ್ರಿ, ಹಂಗ ಬಿದ್ದೈತಿ."

"ಗದಗಕ್ಕ ಕಳಸಾಕ ಹೇಳು. ನಾನ ರಿವೈಂಡಿಂಗ್ ಮಾಡಿಕೊಡ್ತೀನಿ."

ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು, ಮೊಬೈಲ್ ತೆಗೆದು, ಅಪ್ಪನಿಗೆ ಫೋನ್ ಹಚ್ಚಿದ.