ಕಾಫಿ ರಫ್ತಿನಲ್ಲಿ ನಾವು ಮೊದಲು ಎಣಿಸುವುದು ದಿನಗಳನ್ನು

ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ಕೊಂಡು, ಕ್ಯೂರಿಂಗ್ ಮಾಡಿ (ಸಿಪ್ಪೆ ಬಿಡಿಸಿ, ವಿಂಗಡಿಸಿ) ಯುರೋಪಿಗೆ ಕಳಿಸುವ ಸಣ್ಣ ಘಟಕಗಳಲ್ಲಿ ವರ್ಷ ಹೇಗಿತ್ತೆಂದು ಕೇಳಿದರೆ ಟನ್ ಲೆಕ್ಕ ಹೇಳುವವರೇ ಹೆಚ್ಚು. ನಾವು ಮೊದಲು ನೋಡುವುದು ಬೇರೆ ಅಂಕಿ: ಬೆಳೆಗಾರರಿಗೆ ದುಡ್ಡು ಕೊಟ್ಟ ದಿನದಿಂದ ಖರೀದಿದಾರರ ದುಡ್ಡು ಬ್ಯಾಂಕಿಗೆ ಬೀಳುವ ತನಕ ಎಷ್ಟು ದಿನ? ಕೆಂಪು ಸಮುದ್ರದ ದಾಳಿ, ಘಾಟಿಯ ಗುಡ್ಡ ಕುಸಿತ, ಬ್ರಸೆಲ್ಸ್‌ನ ಕಾನೂನು, ಎಲ್ಲದರ ಪೆಟ್ಟೂ ಕೊನೆಗೆ ಬೀಳುವುದು ಇಲ್ಲೇ.

2023ರ ನವೆಂಬರಿನಲ್ಲಿ ಕೆಂಪು ಸಮುದ್ರದ ಹಡಗುಗಳ ಮೇಲೆ ಯೆಮೆನ್‌ನ ಹೂತಿ ಬಂಡುಕೋರರ ದಾಳಿ ಶುರುವಾದ ಮೇಲೆ ಹಡಗುಗಳು ಸೂಯೆಜ್ ಬಿಟ್ಟು ಕೇಪ್ ಆಫ್ ಗುಡ್ ಹೋಪ್ ಸುತ್ತತೊಡಗಿದವು. 10ರಿಂದ 14 ದಿನ ಹೆಚ್ಚು ಬೇಕು. ಎಫ್‌ಓಬಿ (ಸರಕನ್ನು ಹಡಗಿಗೇರಿಸುವವರೆಗಷ್ಟೇ ನಮ್ಮ ಹೊಣೆ) ಒಪ್ಪಂದದಲ್ಲಿ ಸಾಗಣೆ ವೆಚ್ಚ ನಮ್ಮದಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಸರಕು ತಲುಪಿದ ಮೇಲೆ ಹಣ ಎಂಬ ಷರತ್ತಿದ್ದರೆ ಆ ದಿನಗಳ ಬಡ್ಡಿ ನಮ್ಮದೇ. 60 ಕೆ.ಜಿ.ಯ 320 ಚೀಲ ಹಿಡಿಯುವ ಕಂಟೇನರ್ ಎಂದರೆ 19.2 ಟನ್. 2024ರ ಸೆಪ್ಟೆಂಬರಿನಲ್ಲಿ ಲಂಡನ್ ಪೇಟೆಯಲ್ಲಿ ರೋಬಸ್ಟಾ ಕಾಫಿಯ ದರ ಟನ್ನಿಗೆ 5,000 ಡಾಲರ್ ದಾಟಿತ್ತು. ಆ ದರದಲ್ಲಿ ಒಂದು ಕಂಟೇನರಿನಲ್ಲಿ ಸುಮಾರು 80 ಲಕ್ಷ ರೂಪಾಯಿ ಕೂತಿರುತ್ತದೆ. ಶೇ. 10ರ ಬಡ್ಡಿಗೆ ದಿನಕ್ಕೆ 2,200 ರೂಪಾಯಿ, 12 ದಿನಕ್ಕೆ 26,000 ದಾಟುತ್ತದೆ, ಕೆ.ಜಿ.ಗೆ ಹೆಚ್ಚೂಕಡಿಮೆ 1 ರೂಪಾಯಿ 37 ಪೈಸೆ. ದರ ಅರ್ಧ ಇದ್ದಾಗ ಈ ಹೊರೆಯೂ ಅರ್ಧ. ಹಾಗಾಗಿ ದರ ಏರಿದ ವರ್ಷವೇ ತಡ ಹೆಚ್ಚು ದುಬಾರಿ. ಈಗ ನಾವು ದರ ಕುದುರಿಸುವಾಗಲೇ ಹಣ ಪಾವತಿಯನ್ನು ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೇರಿದ್ದಕ್ಕೆ ಹಡಗಿನವರು ಕೊಡುವ ರಸೀದಿ) ತಾರೀಖಿಗೆ ಕಟ್ಟಿಬಿಡುತ್ತೇವೆ. ಅದಕ್ಕಾಗಿ ದರದಲ್ಲಿ ಕೆ.ಜಿ.ಗೆ ಐವತ್ತು ಪೈಸೆ ಬಿಟ್ಟರೂ ಲಾಭವೇ.

ಉದ್ದ ದಾರಿಯ ಇನ್ನೊಂದು ತೊಂದರೆ ತೇವ. ಕೇಪ್ ಸುತ್ತುವ ಹಡಗು ಸಮಭಾಜಕ ವೃತ್ತವನ್ನು ಎರಡು ಸಲ ದಾಟುತ್ತದೆ. ಸೆಕೆಯಲ್ಲಿ ಕಾಳು ಬಿಟ್ಟ ತೇವ, ಚಳಿಯಲ್ಲಿ ಕಂಟೇನರಿನ ತಗಡಿಗೆ ಹನಿಗಟ್ಟಿ ಮೇಲಿನ ಚೀಲಗಳ ಮೇಲೆ ಸುರಿಯುತ್ತದೆ. ಆಮೇಲೆ ಬೂಷ್ಟು, ಆಮೇಲೆ ತಗಾದೆ. ರೋಬಸ್ಟಾವನ್ನು ಶೇ. 11ರ ಆಸುಪಾಸಿನಲ್ಲಿ ತುಂಬುತ್ತೇವೆ. 12 ಮುಟ್ಟಿದರೆ ವಾಪಸ್ ಕಣಕ್ಕೆ. ಮಾದರಿಯನ್ನು ಚೀಲದ ನಡುವಿನಿಂದ ತೆಗೆಯಬೇಕು, ಕಾಳು ಆರಿದ ಮೇಲೆ ಮೀಟರಿಗೆ ಹಾಕಬೇಕು. ಬಿಸಿ ಕಾಳಿನ ಅಳತೆ ನಂಬುವಂಥದ್ದಲ್ಲ. ಕೊಳ್ಳುವಾಗಲೂ ಇದೇ ಎಚ್ಚರ ಬೇಕು: ಕಂಟೇನರಿಗೆ ಶೇ. 1 ತೇವ ಹೆಚ್ಚಿದ್ದರೆ 192 ಕೆ.ಜಿ. ನೀರಿಗೆ ಕಾಫಿಯ ಬೆಲೆ ಕೊಟ್ಟಂತೆ. ಕಂಟೇನರಿನ ಮರದ ನೆಲಕ್ಕೂ ಮೀಟರ್ ಹಿಡಿಯಿರಿ. ತೊಳೆದು ಒಣಗದೆ ಬಂದದ್ದನ್ನು ವಾಪಸ್ ಕಳಿಸಿ. ಗೋಡೆಗೆ ಎರಡು ಪದರ ಕ್ರಾಫ್ಟ್ ಕಾಗದ, ಮೇಲ್ಗಡೆ ರಟ್ಟಿನ ಹಾಳೆ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಪೊಟ್ಟಣಗಳು ಮೊದಲಿಗಿಂತ ಒಂದೂವರೆ ಪಟ್ಟು.

ಜೂನ್ ಕಳೆದ ಮೇಲೆ ಮಂಗಳೂರು ಬಂದರಿಗೆ ಇಳಿಯುವ ಘಾಟಿಯನ್ನು ನಂಬುವಂತಿಲ್ಲ. 2018ರ ಆಗಸ್ಟಿನಲ್ಲೂ 2024ರ ಜುಲೈನಲ್ಲೂ ಶಿರಾಡಿಯಲ್ಲಿ ಗುಡ್ಡ ಜರಿದು ಸಂಚಾರ ನಿಂತಿತ್ತು. ಜುಲೈ, ಆಗಸ್ಟ್ ಹಡಗಿನ ಸರಕಿಗೆ ಒಪ್ಪಂದದಲ್ಲೇ 'ಮಂಗಳೂರು ಅಥವಾ ಚೆನ್ನೈ' ಎಂದು ಬರೆಸಿಕೊಳ್ಳುತ್ತೇವೆ.

ಹೆಚ್ಚು ಕೆಲಸ ಹಿಡಿದದ್ದು ಯುರೋಪಿನ ಅರಣ್ಯನಾಶ ತಡೆ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿ ಮಾರುವಂತಿಲ್ಲ. ಜಾರಿಯ ದಿನ 2024ರಿಂದ 2025ಕ್ಕೆ, ಅಲ್ಲಿಂದ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ ಹೋಗಿದೆ. ಮುಂದೂಡಿದರೆಂದು ಕೆಲಸ ನಿಲ್ಲಿಸಬೇಡಿ, ಖರೀದಿದಾರರು ಈಗಲೇ ದಾಖಲೆ ಕೇಳುತ್ತಿದ್ದಾರೆ. 4 ಹೆಕ್ಟೇರ್ ಒಳಗಿನ ತೋಟಕ್ಕೆ ಅಕ್ಷಾಂಶ, ರೇಖಾಂಶದ ಒಂದು ಬಿಂದು ಸಾಕು, ಆರು ದಶಮಾಂಶ ಸ್ಥಾನದವರೆಗೆ. ಅದಕ್ಕೂ ದೊಡ್ಡದಾದರೆ ಗಡಿಯ ಸುತ್ತ ನಡೆದು ನಕ್ಷೆ ಮಾಡಬೇಕು. ಪಹಣಿಯ ವಿಸ್ತೀರ್ಣಕ್ಕೂ ಬೇಲಿಗೂ ಎಷ್ಟೋ ಕಡೆ ತಾಳೆಯಾಗುವುದಿಲ್ಲ, ಪಹಣಿ ಅಜ್ಜನ ಹೆಸರಿನಲ್ಲೇ ಇರುತ್ತದೆ. ಆದ್ದರಿಂದ ಪಹಣಿ, ನಕ್ಷೆ, ಕುಟುಂಬದವರ ಒಪ್ಪಿಗೆ ಪತ್ರ ಮೂರನ್ನೂ ಒಂದೇ ಕಡತದಲ್ಲಿಡುತ್ತೇವೆ. ನಮ್ಮ ನೆರಳಿನ ತೋಟಗಳು ಉಪಗ್ರಹದ ಚಿತ್ರದಲ್ಲಿ ಕಾಡಿನಂತೆಯೇ ಕಾಣುತ್ತವೆ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿದೊಡನೆ ಕಾಡು ಕಡಿದಂತೆ ಕಾಣುತ್ತದೆ! ಮರಗಸಿಗೆ ಮೊದಲು ಮತ್ತು ನಂತರ ತಾರೀಖು, ಸ್ಥಳ ನಮೂದಾಗುವ ಫೋಟೊ ತೆಗೆದಿಡಿ. ಗೋದಾಮಿನಲ್ಲಿ ನಕ್ಷೆಯಾದ ಕಾಫಿಗೆ ಬೇರೆ ಅಂಕಣ ಬೇಕೇಬೇಕು. ನಕ್ಷೆಯಿಲ್ಲದ ಒಂದು ಚೀಲ ಬೆರೆತರೆ ಇಡೀ ರಾಶಿ ಲೆಕ್ಕದಿಂದ ಹೊರಗೆ.

ದರದ ಏರಿಳಿತಕ್ಕೆ ಲಂಡನ್ ವಾಯಿದೆ ಪೇಟೆಯಲ್ಲಿ (ಮುಂದಿನ ತಿಂಗಳುಗಳ ಕಾಫಿಗೆ ಈಗಲೇ ದರ ಕಟ್ಟುವ ಪೇಟೆ) ಮಾರಿಟ್ಟು ರಕ್ಷಣೆ ಪಡೆಯುವವರು ಒಂದು ಲೆಕ್ಕ ಮರೆಯಬಾರದು. ಅಲ್ಲಿನ ಲಾಟ್ 10 ಟನ್, ಕಂಟೇನರಿಗೆ ಎರಡು ಲಾಟ್. ದರ ಟನ್ನಿಗೆ 500 ಡಾಲರ್ ಏರಿದರೆ ಕೂಡಲೇ 10,000 ಡಾಲರ್ ಮಾರ್ಜಿನ್ (ಆ ನಷ್ಟಕ್ಕೆ ಎದುರಾಗಿ ಇಡುವ ಹಣ) ಕಟ್ಟಬೇಕು. ಅದನ್ನು ಸರಿದೂಗಿಸುವ ಕಾಫಿಯ ದುಡ್ಡು ಕೈಗೆ ಬರುವುದು ಸರಕು ಮಾರಿ ಹಣ ವಸೂಲಾದ ಮೇಲೆ. ಹೀಗಾಗಿ ಮಾರ್ಜಿನ್‌ಗೆಂದೇ ಬ್ಯಾಂಕಿನಲ್ಲಿ ಪ್ಯಾಕಿಂಗ್ ಕ್ರೆಡಿಟ್ (ರಫ್ತಿಗೆ ಮುಂಚೆ ಕೊಡುವ ಸಾಲ) ಹೊರತಾದ ಬೇರೆ ಸಾಲದ ಮಿತಿಯನ್ನು ನವೆಂಬರಿನಲ್ಲೇ, ಕೊಯ್ಲಿಗೆ ಮುಂಚೆ, ಮಂಜೂರು ಮಾಡಿಸಿಕೊಳ್ಳುತ್ತೇವೆ.