ವಂಶಾವಳಿಯನ್ನು ರಾಜಾವಳಿ ಎಂದು ಓದಿದ್ದೆ

ವೇಲ್ಸ್‌ನ ವಾಯವ್ಯದಲ್ಲಿದ್ದ ಗ್ವಿನೆದ್ ರಾಜ್ಯದ ಅರಸರ ಪಟ್ಟಿ ಮಾಡಲು ಹೊರಟಾಗ, ಒಂದು ಭಾನುವಾರದ ಕೆಲಸವೆಂದುಕೊಂಡಿದ್ದೆ. ಸಿದ್ಧ ವಂಶಾವಳಿಯೇ ಇತ್ತಲ್ಲ! ಸುಮಾರು 1100ರಲ್ಲಿ ನಕಲಾದ, ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಹಾರ್ಲಿ 3859 ಹಸ್ತಪ್ರತಿಯದು. ಹತ್ತನೆಯ ಶತಮಾನದ ದೊರೆ ಹವೆಲ್‌ನ ಮಗ ಒವೈನ್‌ನಿಂದ ಶುರುವಾಗಿ ತಂದೆ, ತಾತ, ಮುತ್ತಾತ ಎಂದು ಮೇಲೇರುತ್ತದೆ. ಅದನ್ನು ತಿರುವಿ ಮೈಲ್ಗುನ್, ರೂನ್, ಬೆಲಿ, ಯಾಗೊ, ಕಡ್ವಾನ್, ಕಡ್ವಲ್ಲೋನ್, ಕಡ್ವಲಾಡರ್ ಎಂದು ಬರೆದುಕೊಂಡೆ. ಎಲ್ಲೂ ಎಳೆ ತಪ್ಪಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿದ್ದದ್ದಕ್ಕೇ ಅನುಮಾನ ಬರಬೇಕಿತ್ತು.

ಎಡವಿದ್ದು ಕಡಾವೈಲ್‌ನ ಹೆಸರು ಕಂಡಾಗ. 655ರಲ್ಲಿ ಮರ್ಸಿಯಾ ಎಂಬ ಆಂಗ್ಲ ರಾಜ್ಯದ ದೊರೆ ಪೆಂಡಾನ ಜೊತೆ ದಂಡೆತ್ತಿ ಹೋಗಿ, ಕಾಳಗದ ಹಿಂದಿನ ರಾತ್ರಿಯೇ ಸೈನ್ಯದೊಂದಿಗೆ ಜಾಗ ಖಾಲಿ ಮಾಡಿದ ಗ್ವಿನೆದ್ ದೊರೆ. 'ಕಾಳಗಕ್ಕೆ ಒಲ್ಲೆ ಎಂದವನು' ಎಂಬ ಅಡ್ಡಹೆಸರೂ ಅಂಟಿಕೊಂಡಿತು. ನನ್ನ ಪಟ್ಟಿಯಲ್ಲಿ ಅವನಿಲ್ಲ! 798ರಲ್ಲಿ ಹತನಾದ ಕರಾಡೋಗ್ ಇಲ್ಲ; ಅಣ್ಣತಮ್ಮಂದಿರ ಜಗಳದಲ್ಲಿ ಗೆದ್ದು 825ರವರೆಗೆ ಬದುಕಿದ್ದ ಹಿಂದಿನ ಹವೆಲ್ ಕೂಡ ಇಲ್ಲ. ಅದೇ ಜಗಳದಲ್ಲಿ ಸೋತ ಕುನಾನ್ ಮಾತ್ರ ಇದ್ದಾನೆ. ಕಾರಣ, 825ರ ನಂತರ ಆಳಿದ ಮೆರ್ವಿನ್‌ನನ್ನು ಹಳೆಯ ವಂಶಕ್ಕೆ ಜೋಡಿಸುವ ಕೊಂಡಿ ಕುನಾನ್‌ನ ಮಗಳು ಎಥಿಲ್. ಒವೈನ್‌ಗೆ ಬೇಕಾಗಿದ್ದದ್ದು ತನ್ನ ಹಿರಿಯರು. ಪಟ್ಟದಲ್ಲಿ ಯಾರು ಕುಳಿತಿದ್ದರೆಂಬುದು ಅಲ್ಲ.

ಎರಡು ಹಾಳೆ ಮಾಡಿದೆ. ಒಂದರಲ್ಲಿ ಹುಟ್ಟಿನ ಸಂಬಂಧ, ಇನ್ನೊಂದರಲ್ಲಿ ಆಳ್ವಿಕೆ. ಎರಡನೆಯದಕ್ಕೆ ಅದೇ ಹಸ್ತಪ್ರತಿಯಲ್ಲಿರುವ ವೇಲ್ಸ್ ವಾರ್ಷಿಕ ದಾಖಲೆಯನ್ನು ಹಿಡಿದೆ. ಅದರಲ್ಲಿ ಕ್ರಿಸ್ತಶಕವೇ ಇಲ್ಲ; 'ವರ್ಷ, ವರ್ಷ' ಎಂದು ಸಾಲುಸಾಲಾಗಿ ಬರೆದಿದೆ, ಬಹುಪಾಲು ಖಾಲಿ. ಪೆನ್ಸಿಲ್ ಚುಕ್ಕೆ ಇಡುತ್ತ ಎಣಿಸಿದೆ, ಎರಡು ಸಲ ಲೆಕ್ಕ ತಪ್ಪಿದೆ. ಮೊದಲ ವರ್ಷವನ್ನು 445 ಎಂದು ಹಿಡಿದರೆ ಮೈಲ್ಗುನ್ ಸತ್ತದ್ದು 547. ಆದರೆ ಕಡ್ವಲ್ಲೋನ್ ಇನ್ನೊಂದು ಆಂಗ್ಲ ರಾಜ್ಯ ನಾರ್ತಂಬ್ರಿಯಾದ ದೊರೆ ಎಡ್ವಿನ್‌ನನ್ನು ಮಣಿಸಿದ್ದು 630ಕ್ಕೆ ಬರುತ್ತದೆ. ಎಂಟನೆಯ ಶತಮಾನದ ಆಂಗ್ಲ ಇತಿಹಾಸಕಾರ ಬೀಡ್ ಹೇಳುವುದು 633. ಇಂಥಲ್ಲಿ ನಾನು ಬೀಡ್‌ನ ಕಡೆ ವಾಲುತ್ತೇನೆ, ಆದರೂ ಎರಡೂ ವರ್ಷ ಬರೆದಿಟ್ಟಿದ್ದೇನೆ.

ಹತ್ತನೆಯ ಶತಮಾನಕ್ಕೆ ಬಂದಾಗ ದಾಯಾದಿ ಎಂಬ ನಮ್ಮ ಮಾತೇ ಕೈಹಿಡಿಯಿತು. 942ರಲ್ಲಿ ಗ್ವಿನೆದ್ ದೊರೆ ಇಡ್ವಲ್ ಹತನಾದಾಗ ಪಟ್ಟ ಅವನ ಮಕ್ಕಳಿಗೆ ಹೋಗಲಿಲ್ಲ. ದಾಯಾದಿ ಹವೆಲ್ ದಾ, ಅಂದರೆ ನಮ್ಮ ಒವೈನ್‌ನ ತಂದೆ, ಅದನ್ನು ಕಬಳಿಸಿದ. 950ರಲ್ಲಿ ಅವನು ಸತ್ತ ಮೇಲೆ ಇಡ್ವಲ್‌ನ ಮಕ್ಕಳು ಮರಳಿ ಪಡೆದು, ಆಮೇಲೆ ತಮ್ಮತಮ್ಮಲ್ಲೇ ಬಡಿದಾಡಿದರು. ಆ ಹಾಳೆಯಲ್ಲಿ ಈಗ ಹೆಸರುಗಳಿಗಿಂತ ಬಾಣದ ಗುರುತುಗಳೇ ಹೆಚ್ಚು.